ಸರಾಯೆವೊದ ಬೇಗ್ ಮಸೀದಿಗೆ ಇಪ್ಪತ್ತು ನಿಮಿಷ ಸಾಕಾ?

ತುಂಗಾತೀರ
ಎಲ್ಲರಿಗೂ ನಮಸ್ಕಾರ. ಮಗಳು ಮ್ಯೂನಿಕ್‌ನಲ್ಲಿ ಓದ್ತಾ ಇದ್ದಾಳೆ. ಏಪ್ರಿಲ್ ಕೊನೆಗೆ ನಾನು, ಮನೆಯವಳು, ಅಮ್ಮ ಅವಳ ಹತ್ರ ಹೋಗ್ತಿದ್ದೀವಿ. ಅಲ್ಲಿಂದ ಬೋಸ್ನಿಯಾಕ್ಕೆ ಹೋಗಿಬರೋದು ಅಂತ ಆಗಿದೆ. ಟೂರ್‌ನವರು ಕೊಟ್ಟ ಪಟ್ಟಿಯಲ್ಲಿ ಸರಾಯೆವೊ ಹಳೇ ಪೇಟೆಗೆ ಒಂದು ಬೆಳಿಗ್ಗೆ, ಅದರಲ್ಲಿ ಗಾಜಿ ಹುಸ್ರೆವ್ ಬೇಗ್ ಮಸೀದಿಗೆ ಇಪ್ಪತ್ತು ನಿಮಿಷ ಅಂತ ಇದೆ. ಹೋದವರು ಯಾರಾದ್ರೂ ಇದ್ದರೆ ಹೇಳಿ, ಅಷ್ಟು ಸಾಕಾ? ಬೇರೆ ಧರ್ಮದವರನ್ನ ಒಳಗೆ ಬಿಡ್ತಾರಾ? ಅಮ್ಮ ಸೀರೆಯಲ್ಲೇ ಇರ್ತಾರೆ, ಮೊಟ್ಟೆಯನ್ನೂ ಮುಟ್ಟೋದಿಲ್ಲ. ಅವರಿಗೆ ಅಲ್ಲಿ ಊಟಕ್ಕೆ ಏನು ಸಿಗುತ್ತೆ ಅನ್ನೋದೂ ಒಂದು ಚಿಂತೆ.

ಡ್ಯಾನ್ಯೂಬ್ ದಂಡೆ
ತುಂಗಾತೀರ ಅವರೇ, ಇಪ್ಪತ್ತು ನಿಮಿಷದಲ್ಲಿ ಚಪ್ಪಲಿ ಬಿಟ್ಟು ಒಳಗೆ ಹೋಗಿ, ಗುಮ್ಮಟದ ಕಡೆ ಫೋನ್ ಎತ್ತಿ ಹಿಡಿದು ಹೊರಗೆ ಬರಬಹುದು, ಅಷ್ಟೇ. ಪಟ್ಟಿ ಬದಲಾಯಿಸೋಕೆ ಹೇಳಿ. ನಾನಿರೋದು ವಿಯೆನ್ನಾದಲ್ಲಿ, ಕೆಲಸದ ನೆಪದಲ್ಲಿ ಸರಾಯೆವೊಗೆ ಹೋಗ್ತಾ ಬರ್ತಾ ಇರ್ತೀನಿ. ಈ ಕಡೆಯ ಊರುಗಳಲ್ಲಿ ನನಗೆ ತೀರಾ ಹತ್ತಿರವಾದದ್ದು ಅದು. ಅದಕ್ಕೇ ಸ್ವಲ್ಪ ಉದ್ದವಾಗಿ ಬರೀತೀನಿ.

ಮೊದಲು ನಿಮ್ಮ ಪ್ರಶ್ನೆಗೆ ಉತ್ತರ. ನಮಾಜಿನ ಹೊತ್ತು ಬಿಟ್ಟು ಉಳಿದ ವೇಳೆಯಲ್ಲಿ ಯಾವ ಧರ್ಮದವರಾದರೂ ಟಿಕೆಟ್ ತಗೊಂಡು ಒಳಗೆ ಹೋಗಬಹುದು. ರಂಜಾನ್ ತಿಂಗಳಲ್ಲಿ ಸಾಮಾನ್ಯವಾಗಿ ಪ್ರವಾಸಿಗರನ್ನು ಬಿಡುವುದಿಲ್ಲ. ಶುಕ್ರವಾರ ಮಧ್ಯಾಹ್ನ ಹೋಗಲೇಬೇಡಿ. ಅಮ್ಮ ಸೀರೆ ಉಟ್ಟಿದ್ದರೆ ಏನೂ ತೊಂದರೆಯಿಲ್ಲ, ಸೆರಗನ್ನು ತಲೆ ಮೇಲೆ ಹೊದ್ದರೆ ಸಾಕು. ಮಗಳಿಗೆ ಬೇಕಿದ್ದರೆ ಸ್ಕಾರ್ಫ್ ಬಾಗಿಲಲ್ಲೇ ಕೊಡ್ತಾರೆ.

ಇನ್ನು ನಾನು ಮುಖ್ಯವಾಗಿ ಹೇಳಬೇಕಾದ ಮಾತು. ಆ ಮಸೀದಿಯನ್ನು ಒಂಟಿ ಕಟ್ಟಡ ಅಂತ ನೋಡಬೇಡಿ. ಅದು ಒಂದು ವಕ್ಫಿನ, ಅಂದರೆ ಧರ್ಮಕಾರ್ಯಕ್ಕೆ ಬಿಟ್ಟುಕೊಟ್ಟ ಆಸ್ತಿಯ, ನಡುಮನೆ. ಗಾಜಿ ಹುಸ್ರೆವ್ ಬೇಗ್ 1521ರಲ್ಲಿ ತುರ್ಕಿಯ ಒಟ್ಟೋಮನ್ ಸುಲ್ತಾನರ ಗವರ್ನರ್ ಆಗಿ ಬೋಸ್ನಿಯಾದ ಆಡಳಿತಕ್ಕೆ ಬಂದವನು. ನಡುವೆ ಸ್ವಲ್ಪ ಕಾಲ ಬಿಟ್ಟರೆ 1541ರಲ್ಲಿ ಸಾಯುವವರೆಗೂ ಅಧಿಕಾರದಲ್ಲಿದ್ದ. ತಂದೆಯ ಕಡೆ ಬೋಸ್ನಿಯಾ ಮೂಲ, ತಾಯಿ ಸುಲ್ತಾನ್ ಎರಡನೇ ಬಾಯಜೀದನ ಮಗಳು. ಮಸೀದಿ ಎದ್ದದ್ದು 1530-31ರಲ್ಲಿ. ಆದರೆ ಅವನು ಮಸೀದಿಯೊಂದನ್ನೇ ಕಟ್ಟಿಸಲಿಲ್ಲ. ಎದುರಿಗೆ ಮದ್ರಸಾ, ಮಕ್ಕಳಿಗೆ ಶಾಲೆ, ಬಡವರಿಗೂ ದಾರಿಹೋಕರಿಗೂ ಬಿಸಿ ಅಡುಗೆ ಬಡಿಸುವ ಇಮಾರೆತ್, ಇಳಿದುಕೊಳ್ಳಲು ಛತ್ರ, ಹಮಾಮು, ಕುಡಿಯುವ ನೀರಿನ ಕೊಳವೆ ಇವೆಲ್ಲ ಇದ್ದವು. ಇಷ್ಟನ್ನೂ ನಡೆಸಲು ವರಮಾನ ಬೇಕಲ್ಲ, ಅದಕ್ಕೆ ಬೆಜಿಸ್ತಾನ್ ಅನ್ನೋ ಮುಚ್ಚಿದ ಮಾರುಕಟ್ಟೆ, ವ್ಯಾಪಾರಿಗಳು ತಂಗುವ ತಾಷ್ಲಿಹಾನ್, ಸಾಲು ಸಾಲು ಅಂಗಡಿಗಳು. ಬಾಡಿಗೆ ಬಂದರೆ ಅಡುಗೆಮನೆಯಲ್ಲಿ ಒಲೆ ಉರಿಯಬೇಕು, ಮೇಷ್ಟ್ರಿಗೆ ಸಂಬಳ ಹೋಗಬೇಕು, ಗುಮ್ಮಟದ ಸೀಸದ ತಗಡು ದುರಸ್ತಿಯಾಗಬೇಕು. ಇದನ್ನೆಲ್ಲ ದಾನಪತ್ರದಲ್ಲಿ ಬರೆಸಿಟ್ಟಿದ್ದ.

ಸರಾಯೆವೊ ಅದಕ್ಕೂ ಮೊದಲೇ ಇತ್ತು. ಈಸಾ ಬೇಗ್ ಅನ್ನುವವನು 15ನೇ ಶತಮಾನದ ಮಧ್ಯದಲ್ಲಿ ಮಿಲ್ಯಾಟ್ಸ್ಕಾ ಹೊಳೆಯ ಆಚೆ ದಡದಲ್ಲಿ ಮಸೀದಿ, ಈಚೆ ಪೇಟೆ ಕಟ್ಟಿ ಊರಿಗೆ ಬುನಾದಿ ಹಾಕಿದ್ದ. ಅದು ಪಟ್ಟಣವಾಗಿ ಬೆಳೆದದ್ದು ಹುಸ್ರೆವ್ ಬೇಗನ ವಕ್ಫಿನಿಂದ. ಬಾಷ್‌ಚಾರ್ಷಿಯಾ ಪೇಟೆಯಲ್ಲಿ ನೀವು ಕಾಫಿ ಕುಡಿಯೋದು, ತಾಮ್ರದ ಪಾತ್ರೆ ಕೊಳ್ಳೋದು ಎಲ್ಲ ಆ ಲೆಕ್ಕಪತ್ರದ ಒಳಗೇ ಅನ್ನಿ. ಹಾಗಾಗಿ ಮಸೀದಿಗೆ ಒಂದು ಗಂಟೆ, ಅದರ ಸುತ್ತ ಇರೋದಕ್ಕೆ ಉಳಿದ ಇಡೀ ದಿನ. ಮೋಸ್ತಾರ್ ಊರು ಮಾರನೇ ದಿನಕ್ಕಿರಲಿ.

ಪುಸ್ತಕದ ಗೂಡು
ಮೇಡಂ, ಬಹಳ ಚೆನ್ನಾಗಿ ಹೇಳಿದ್ರಿ. ಒಂದು ಸಂದೇಹ. ಗವರ್ನರ್ ಅಂದ ಮೇಲೆ ಯುದ್ಧ, ಕೊಳ್ಳೆ ಎಲ್ಲ ಇರುತ್ತಲ್ಲ. ಆ ಹಣ ಬಂದದ್ದು ಎಲ್ಲಿಂದ ಅನ್ನೋದನ್ನೂ ಹೇಳಬೇಕಲ್ವಾ?

ಡ್ಯಾನ್ಯೂಬ್ ದಂಡೆ
ಖಂಡಿತ ಹೇಳಬೇಕು. ಅವನು ದಂಡನಾಯಕ. 1526ರಲ್ಲಿ ಹಂಗೇರಿಯ ಮೊಹಾಚ್ ಕಾಳಗದಲ್ಲಿ ಇದ್ದವನು, ಕ್ರೊಯೇಷಿಯಾ ಕಡೆಯ ಎಷ್ಟೋ ಕೋಟೆಗಳನ್ನು ಗೆದ್ದವನು, ಕೊನೆಗೆ ಮಾಂಟೆನೆಗ್ರೊದ ಕಡೆ ದಂಡೆತ್ತಿ ಹೋದಾಗಲೇ ಸತ್ತವನು. ಹೆಸರಿನ ಮುಂದಿನ ಗಾಜಿ ಬಿರುದು ಬಂದದ್ದೂ ಯುದ್ಧದಿಂದಲೇ. ಗಡಿಯಾಚೆ ಹಳ್ಳಿಯವರಿಗೆ ಅವನ ಹೆಸರು ಕೇಳಿದರೆ ಭಯವಿತ್ತು, ಸರಾಯೆವೊದ ಬಡವನಿಗೆ ಅದೇ ಹೆಸರಿನಿಂದ ಗಂಜಿ ಸಿಗುತ್ತಿತ್ತು. ಒಂದನ್ನು ಮರೆಮಾಚಿ ಇನ್ನೊಂದನ್ನು ಹೇಳಿದರೆ ಚರಿತ್ರೆ ಆಗಲ್ಲ.

ಬಾಸ್ಫರಸ್ ಪ್ರವಾಸಿ
ನಾನು ಇಸ್ತಾಂಬುಲ್‌ನಲ್ಲಿ ಸುಲೇಮಾನಿಯೆ, ಎಡಿರ್ನೆಯಲ್ಲಿ ಸೆಲಿಮಿಯೆ ಎರಡನ್ನೂ ನೋಡಿ ಸರಾಯೆವೊಗೆ ಹೋದವನು. ನಿಜ ಹೇಳಬೇಕು ಅಂದರೆ ಕಟ್ಟಡವಾಗಿ ಇದು ಸಣ್ಣದು ಅನ್ನಿಸಿತು. ಗುಮ್ಮಟದ ಅಗಲ 13 ಮೀಟರ್, ಎತ್ತರ 26 ಮೀಟರ್. ಇಸ್ತಾಂಬುಲ್ ನೋಡಿದವರು ಇಲ್ಲಿಗೆ ಒಂದು ಗಂಟೆ ಕೊಡಬೇಕಾ ಅನ್ನೋದು ನನ್ನ ಪ್ರಶ್ನೆ. ಸುಮ್ಮನೆ ತಗಾದೆ ಅಲ್ಲ, ತಿಳಿದುಕೊಳ್ಳೋಕೆ ಕೇಳ್ತಿದ್ದೀನಿ.

ಗಾರೆ ಗುಮ್ಮಟ
ಇದಕ್ಕೆ ನಾನು ಉತ್ತರಿಸಬಹುದು ಅನ್ಸುತ್ತೆ. ಹಳೇ ಕಟ್ಟಡಗಳ ಸಂರಕ್ಷಣೆ ನನ್ನ ವೃತ್ತಿ. ಬಾಸ್ಫರಸ್ ಅವರೇ, ನೀವು ನೋಡಿದ ಎರಡೂ ಸಿನಾನ್ ಕಟ್ಟಿದವು. ಸುಲೇಮಾನಿಯೆ ಮುಗಿದದ್ದು 1557ರಲ್ಲಿ, ಸೆಲಿಮಿಯೆ 1570ರ ದಶಕದಲ್ಲಿ. ಸಿನಾನ್ ಆಸ್ಥಾನದ ಮುಖ್ಯ ವಾಸ್ತುಶಿಲ್ಪಿಯಾದದ್ದೇ 1530ರ ದಶಕದ ಕೊನೆಗೆ. ಬೇಗ್ ಮಸೀದಿ ಅದಕ್ಕಿಂತ ಹಿಂದಿನದು. ಸಿನಾನನಿಗಿಂತ ಮೊದಲು ಆ ಹುದ್ದೆಯಲ್ಲಿದ್ದ ಅಜೆಮ್ ಎಸಿರ್ ಅಲಿ ಇದರ ನಕ್ಷೆ ಮಾಡಿದ ಅನ್ನೋದು ವಿದ್ವಾಂಸರ ಮಾತು. 1514ರಲ್ಲಿ ಒಟ್ಟೋಮನ್ನರಿಗೂ ಇರಾನಿನವರಿಗೂ ಚಾಲ್ದಿರಾನ್ ಯುದ್ಧವಾದ ಮೇಲೆ ಇರಾನಿನ ತಬ್ರೀಜ್‌ನಿಂದ ಸೆರೆಯಾಳಾಗಿ ಇಸ್ತಾಂಬುಲ್‌ಗೆ ಬಂದವನಂತೆ.

ಒಳಗೆ ಹೋದಾಗ ನಡು ಗುಮ್ಮಟದ ಕೆಳಗೆ ನಿಂತು ಮಿಹ್ರಾಬಿನ, ಅಂದರೆ ಮೆಕ್ಕಾ ದಿಕ್ಕು ತೋರಿಸುವ ಗೋಡೆಗೂಡಿನ, ಕಡೆ ನೋಡಿ. ಅಲ್ಲಿ ಗುಮ್ಮಟ ಮುಗಿಯಲ್ಲ, ಒಂದು ಅರೆಗುಮ್ಮಟ ಅದಕ್ಕೆ ಆನಿಕೊಂಡು ಮುಂದಕ್ಕೆ ಚಾಚುತ್ತೆ. ಎಡಕ್ಕೂ ಬಲಕ್ಕೂ ತಗ್ಗಾದ ಗುಮ್ಮಟದ ಎರಡು ಕೋಣೆಗಳಿವೆ. ಹಿಂದಿನ ಕಾಲದ ಒಟ್ಟೋಮನ್ ಮಸೀದಿಗಳಲ್ಲಿ ಈ ಪಕ್ಕದ ಕೋಣೆಗಳು ದರವೇಶಿಗಳು, ಪ್ರಯಾಣಿಕರು ಇಳಿದುಕೊಳ್ಳೋಕೆ ಇರುತ್ತಿದ್ದವು. ಮುಂದೆ ಸಿನಾನ್ ಕಾಲಕ್ಕೆ ಆ ಕೋಣೆಗಳೆಲ್ಲ ಕರಗಿ ಒಂದೇ ಬಯಲಾದ ಹಜಾರ ಆಗುತ್ತೆ. ಹಳೇ ಪದ್ಧತಿ ಇನ್ನೂ ಬಿಟ್ಟಿಲ್ಲ, ಹೊಸದು ಆಗಲೇ ಶುರುವಾಗಿದೆ, ಆ ಸಂಧಿಕಾಲದ ಕಟ್ಟಡ ಇದು. ಇಸ್ತಾಂಬುಲ್ ನೋಡಿದವರು ಇಲ್ಲಿ ಇನ್ನೂ ಹೆಚ್ಚು ಹೊತ್ತು ನಿಲ್ಲಬೇಕು ಅಂತ ನನ್ನ ಅಭಿಪ್ರಾಯ.

ಇನ್ನೊಂದು. ಚೌಕದ ಗೋಡೆ ಮೇಲೆ ದುಂಡು ಗುಮ್ಮಟ ಕೂರಿಸಬೇಕಾದರೆ ಮೂಲೆಗಳನ್ನ ಏನಾದರೂ ಮಾಡಬೇಕಲ್ಲ. ಮಿಹ್ರಾಬಿನ ಭಾಗದಲ್ಲಿ ಆ ಮೂಲೆಗಳನ್ನ ಒಂದರ ಕೆಳಗೊಂದು ಇಳಿಬಿದ್ದ ಸಣ್ಣ ಸಣ್ಣ ಗೂಡುಗಳಿಂದ ತುಂಬಿಸಿದ್ದಾರೆ. ಕೆಳಗೆ ಬರ್ತಾ ಬರ್ತಾ ಗೂಡುಗಳ ಸಾಲು ಕಿರಿದಾಗುತ್ತೆ, ಕೊನೆಗೆ ಒಂದೇ ಮೊನೆಯಲ್ಲಿ ಗೋಡೆಗೆ ಸೇರಿಹೋಗುತ್ತೆ. ಬೆಳಿಗ್ಗೆ ಹೋದರೆ ಕಿಟಕಿ ಬೆಳಕು ಅಡ್ಡಡ್ಡ ಬಿದ್ದು ಪ್ರತಿ ಗೂಡಿಗೂ ಅದರದೇ ನೆರಳು. ಕತ್ತು ನೋಯೋವರೆಗೂ ನೋಡಬಹುದು.

ಬಾಸ್ಫರಸ್ ಪ್ರವಾಸಿ
ಈ ದೃಷ್ಟಿಯಿಂದ ನೋಡಿರಲಿಲ್ಲ ಸರ್. ಧನ್ಯವಾದ. ಪಕ್ಕದ ಕೋಣೆಗಳು ಇದ್ದದ್ದು ನೆನಪಿದೆ, ಯಾಕೆ ಅಂತ ಯಾರೂ ಹೇಳಲಿಲ್ಲ.

ಗಗನಮಹಲ್
ನಾ ವಿಜಯಪುರದಾಂವ. ಒಟ್ಟೋಮನ್ ಅಂದಕೂಡಲೆ ನಮ್ಮೂರಿನ ಮಾತು ಬರೂದಽ. ಯೂಸುಫ್ ಆದಿಲ್ ಶಾ ಒಟ್ಟೋಮನ್ ಸುಲ್ತಾನ ಎರಡನೇ ಮುರಾದನ ಮಗಾ ಅಂತ ಹಳೇ ಚರಿತ್ರೆಕಾರ ಫರಿಶ್ತಾ ಬರದಾನ. ಇತಿಹಾಸಕಾರರು ಅದನ್ನ ದಂತಕತಿ ಅಂತಾರ, ಅದು ಇರ್ಲಿ. ಆದ್ರ ಒಂದು ಗಟ್ಟಿ ಪುರಾವೆ ಅದ. ನಮ್ಮ ಮಲಿಕ್-ಎ-ಮೈದಾನ್ ತೋಪು ನೋಡೀರೇನು? ಅದನ್ನ 1549ರಾಗ ಅಹ್ಮದನಗರದಾಗ ಎರಕಾ ಹೊಯ್ದಾಂವ ರೂಮಿ, ಅಂದ್ರ ಆ ತುರ್ಕಿ ಸೀಮಿಯಿಂದ ಬಂದ ಕುಶಲಕರ್ಮಿ. ಅವನ ಹೆಸರು ತೋಪಿನ ಮ್ಯಾಲೆ ಕೊರದದ. ಆಮ್ಯಾಲೆ ಆ ತೋಪು ನಮ್ಮೂರಿಗೆ ಬಂತು. ಅತ್ತ ಬೋಸ್ನಿಯಾದಾಗ ತಬ್ರೀಜಿನ ನಕ್ಷೆಕಾರ, ಇತ್ತ ದಖ್ಖನದಾಗ ತುರ್ಕಿ ಎರಕಗಾರ, ಅದೂ ಒಂದಽ ಕಾಲದಾಗ. ಕಸುಬಿನ ಮಂದಿ ಎಷ್ಟು ದೂರ ಅಡ್ಡಾಡ್ಯಾರ ನೋಡ್ರಿ.

ಗಾರೆ ಗುಮ್ಮಟ
ಗಗನಮಹಲ್ ಅವರೇ, ಒಳ್ಳೇದು ನೆನಪಿಸಿದ್ರಿ. ಬೇಗ್ ಮಸೀದಿಗೂ ಕಲ್ಲುಕುಟಿಗರು ಆಡ್ರಿಯಾಟಿಕ್ ದಡದ ದುಬ್ರೋವ್ನಿಕ್‌ನಿಂದ ಬಂದಿದ್ದರು. ಅದು ಕ್ರೈಸ್ತರ ಗಣರಾಜ್ಯ, ಆದರೂ ಕಳಿಸಿಕೊಟ್ಟರು.

ಆದರೆ ನನಗೆ ಆ ಮಸೀದಿಯ ಒಳಗೆ ಒಂದು ಬೇಸರವೂ ಇದೆ, ಅದನ್ನು ಇಲ್ಲಿ ಹೇಳಲೇಬೇಕು. ಈಗ ಕಾಣುವ ಒಳಗೋಡೆಯ ಬಣ್ಣ ಹಳೆಯದಲ್ಲ. 1879ರ ಬೆಂಕಿಯಲ್ಲಿ ಪೇಟೆ ಸುಟ್ಟುಹೋಗಿತ್ತು. ಆಮೇಲೆ ಆಸ್ಟ್ರಿಯಾ-ಹಂಗೇರಿಯವರ ಕಾಲದಲ್ಲಿ ಮಸೀದಿ ಒಳಗೆ ದಟ್ಟವಾದ ಚಿತ್ತಾರ ಬರೆಸಿದ್ದರು. ಬೋಸ್ನಿಯಾ ಯುದ್ಧದಲ್ಲಿ ಊರಿಗೆ ಬಿದ್ದ 1992ರಿಂದ 1996ರ ಮುತ್ತಿಗೆಯಲ್ಲಿ ಶೆಲ್ ಬಿದ್ದು ಕಟ್ಟಡಕ್ಕೆ ಪೆಟ್ಟಾಯಿತು. ಯುದ್ಧ ಮುಗಿದ ಮೇಲೆ ಸೌದಿ ಹಣದಲ್ಲಿ ದುರಸ್ತಿ ನಡೆದಾಗ ಆ ಚಿತ್ತಾರ ಹೋಗಿ ಗೋಡೆ ಬಿಳಿಯಾಯಿತು. ಊರಲ್ಲೇ ವಿರೋಧ ಬಂತು. 2000ದ ದಶಕದ ಆರಂಭದಲ್ಲಿ ಬೋಸ್ನಿಯಾದ ಕಲಾವಿದ ಹಾಜಿಂ ನುಮಾನಗಿಚ್ ಹೊಸ ಅಲಂಕಾರ ಬರೆದರು. ಅದು ಚೆನ್ನಾಗಿದೆ, ಹದವಾಗಿದೆ. ಆದರೆ ನೂರು ವರ್ಷ ಜನ ನೋಡಿಕೊಂಡು ಬಂದ ಒಂದು ಪದರ ಹೋಯಿತು. ಆಸ್ಟ್ರಿಯಾದವರು ಬರೆಸಿದ್ದು ಒಟ್ಟೋಮನ್ ಅಲ್ಲ ಅನ್ನೋದು ಸರಿ, ಆದರೆ ಅದೂ ಆ ಕಟ್ಟಡದ ಆಯುಷ್ಯದ ಭಾಗವೇ. ಯಾವ ಶತಮಾನಕ್ಕೆ ಹಿಂದಿರುಗಬೇಕು ಅಂತ ತೀರ್ಮಾನಿಸುವ ಹಕ್ಕು ದುಡ್ಡು ಕೊಟ್ಟವರಿಗೆ ಇರಬಾರದು.

ಭಟ್ಕಳ ಬಂದರು
ಸರ್, ನಿಮ್ಮ ಮಾತಿಗೆ ಗೌರವ ಇಟ್ಟುಕೊಂಡೇ ಇನ್ನೊಂದು ಮಗ್ಗುಲು ಹೇಳ್ತೇನೆ. ನಾನು ದುಬೈಯಲ್ಲಿ ಕೆಲಸ ಮಾಡೋದು, ಕುಟುಂಬದೊಟ್ಟಿಗೆ ಸರಾಯೆವೊಗೆ ಹೋಗಿದ್ದೆ. ಅಸರ್ ನಮಾಜ್ ಅಲ್ಲೇ ಮಾಡಿದೆ. ಹೊರಗಿನ ಷಾದ್ರ್ವಾನ್ ಅಂದರೆ ಕಲ್ಲಿನ ನೀರ್ತೊಟ್ಟಿ, ಮೇಲೆ ಮರದ ಮಾಡು, ಸುತ್ತ ನಲ್ಲಿ. ಅಲ್ಲಿ ವುಜೂ, ಅಂದರೆ ನಮಾಜಿಗೆ ಮುಂಚೆ ಕೈಕಾಲು ಮುಖ ತೊಳೆಯೋದು, ಮಾಡುವಾಗ ಪಕ್ಕದಲ್ಲಿ ಒಬ್ಬ ಅಜ್ಜ ಇದ್ದರು. ನನ್ನ ಮಗನ ತೋಳು ಒದ್ದೆಯಾಗದ ಹಾಗೆ ತಾವೇ ಮಡಚಿಕೊಟ್ಟರು. ಭಾಷೆ ಬರಲಿಲ್ಲ, ಸಲಾಂ ಒಂದೇ. ನಂತರ ಒಳಗೆ ಒಂದೇ ಸಾಲಿನಲ್ಲಿ ನಿಂತೆವು.

ಮುತ್ತಿಗೆಯ ಕಾಲದಲ್ಲೂ ಅಲ್ಲಿ ನಮಾಜ್ ನಡೆದಿತ್ತು. ಗೋಡೆಗೆ ಗುಂಡು ಬಿದ್ದಾಗಲೂ ಬಂದು ನಿಂತ ಜಮಾತಿನವರಿಗೆ, ಆದಷ್ಟು ಬೇಗ ಮಾಡು ಸೋರದ, ಗೋಡೆ ಬಿರಿಯದ ಮಸೀದಿ ಬೇಕಿತ್ತು. ಕೈ ಚಾಚಿದ್ದು ಯಾರೋ ಅವರಿಂದ ತಗೊಂಡರು. ಬಣ್ಣದ ವಿಷಯದಲ್ಲಿ ನಿಮಗೆ ಇರುವ ನೋವು ನನಗೆ ಅರ್ಥವಾಗ್ತದೆ, ಆದರೆ ಹೆಂಡತಿ ಮಕ್ಕಳನ್ನು ಮಣ್ಣು ಮಾಡಿ ಬಂದವರ ಹತ್ತಿರ 1880ರ ದಶಕದ ಚಿತ್ತಾರದ ಮಾತಾಡಲು ನನಗೆ ಬಾಯಿ ಬರಲಿಕ್ಕಿಲ್ಲ.

ಗಾರೆ ಗುಮ್ಮಟ
ನಿಮ್ಮ ಮಾತು ನನ್ನನ್ನು ತಟ್ಟಿತು. ಜಮಾತಿನವರನ್ನು ನಾನು ದೂರುತ್ತಿಲ್ಲ. ಸೋರುವ ಮಾಡನ್ನು ತುರ್ತಾಗಿ ಮುಚ್ಚಬೇಕು, ಅದರಲ್ಲಿ ಎರಡು ಮಾತಿಲ್ಲ. ಚಿತ್ತಾರವನ್ನು ಕೆರೆದು ತೆಗೆಯೋದು ತುರ್ತಿನ ಕೆಲಸ ಆಗಿರಲಿಲ್ಲ ಅನ್ನೋದಷ್ಟೇ ನನ್ನ ವಾದ, ಅದನ್ನು ಬಿಟ್ಟುಕೊಡಲಾರೆ.

ಅದೇ ದೇಶದಲ್ಲಿ ಇನ್ನೊಂದು ಬಗೆಯಲ್ಲೂ ಕೆಲಸ ಆಗಿದೆ. ಬಾನ್ಯಾ ಲೂಕಾದ ಫೆರ್ಹಾದಿಯಾ ಮಸೀದಿ 1579ರದ್ದು. 1993ರ ಮೇ 7ರಂದು ಅದನ್ನು ಸಿಡಿಮದ್ದಿಟ್ಟು ಉರುಳಿಸಿದರು, ಕಲ್ಲುಗಳನ್ನೂ ಸಾಗಿಸಿ ಎಸೆದರು. ಆಮೇಲೆ ಕಸದ ತಿಪ್ಪೆಯಿಂದ, ನೀರಿನೊಳಗಿಂದ ತುಂಡುಗಳನ್ನು ಹುಡುಕಿ ತೆಗೆದು, ಯಾವ ಕಲ್ಲು ಎಲ್ಲಿತ್ತು ಅಂತ ಪತ್ತೆ ಹಚ್ಚಿ, ಆದಷ್ಟೂ ಹಳೇ ಕಲ್ಲನ್ನೇ ಅದರ ಜಾಗದಲ್ಲಿ ಕೂರಿಸಿ ಕಟ್ಟಿದರು. 2016ರಲ್ಲಿ ಅದೇ ಮೇ 7ಕ್ಕೆ ಬಾಗಿಲು ತೆರೆಯಿತು. ಫೋಚಾ ಊರಿನ ಅಲಾಜಾ ಮಸೀದಿಯೂ ಹಾಗೇ, 1992ರಲ್ಲಿ ಹೋಗಿದ್ದು 2019ರಲ್ಲಿ ಮತ್ತೆ ತೆರೆಯಿತು. ತಡವಾಯಿತು ನಿಜ, ಆದರೆ ಆ ತಾಳ್ಮೆಗೆ ನಾನು ತಲೆಬಾಗ್ತೀನಿ.

ಭಟ್ಕಳ ಬಂದರು
ಫೆರ್ಹಾದಿಯಾದ ಬಗ್ಗೆ ಒಪ್ಪಿದೆ ಸರ್. ಆ ಕಲ್ಲುಗಳ ವಿಷಯ ಮೊದಲ ಸಲ ಕೇಳ್ತಿದ್ದೇನೆ, ಮುಂದಿನ ಸಲ ಆ ಕಡೆ ಹೋಗ್ತೇನೆ.

ತುಂಗಾತೀರ ಅಣ್ಣ, ನಿಮ್ಮ ಪ್ರಶ್ನೆಗೂ ಒಂದು ಮಾತು. ಒಳಗೆ ಯಾರಾದರೂ ಕೂತು ಕುರಾನ್ ಓದುತ್ತಿದ್ದರೆ ಅವರ ಎದುರಿಂದ ಹಾಯಬೇಡಿ, ಹಿಂದಿನಿಂದ ಹೋಗಿ. ಮುಖಕ್ಕೆ ಕ್ಯಾಮೆರಾ ಹಿಡಿಯಬೇಡಿ. ಇಷ್ಟು ಮಾಡಿದರೆ ನಿಮ್ಮನ್ನು ಯಾರೂ ಹೊರಗಿನವರ ಹಾಗೆ ನೋಡುವುದಿಲ್ಲ. ಅಮ್ಮನಿಗೆ ಕೂರಬೇಕು ಅನಿಸಿದರೆ ಜಮಖಾನದ ಮೇಲೆ ಒಂದು ಬದಿಗೆ ಕೂರಬಹುದು.

ತುಂಗಾತೀರ
ಇಷ್ಟೆಲ್ಲ ಇದೆ ಅಂತ ಗೊತ್ತೇ ಇರಲಿಲ್ಲ. ಟೂರ್‌ನವರಿಗೆ ಆಗಲೇ ಫೋನ್ ಮಾಡಿ ಹೇಳಿದೆ, ಸರಾಯೆವೊಗೆ ಪೂರ್ತಿ ದಿನ. ಮೇಡಂ, ಮಸೀದಿ ಸುತ್ತ ಏನೇನು, ಯಾವ ಕ್ರಮದಲ್ಲಿ ನೋಡಬೇಕು ಅಂತ ಬರೆದುಕೊಡ್ತೀರಾ? ಅಮ್ಮನಿಗೆ ತುಂಬಾ ನಡೆಯೋಕೆ ಆಗಲ್ಲ.

ಡ್ಯಾನ್ಯೂಬ್ ದಂಡೆ
ನಡಿಗೆ ಕಡಿಮೆಯೇ, ಎಲ್ಲ ಕೂಗಳತೆಯಲ್ಲಿದೆ. ಬೆಳಿಗ್ಗೆ ಬಾಗಿಲು ತೆಗೆಯುತ್ತಿದ್ದ ಹಾಗೆ ಮಸೀದಿಗೆ ಹೋಗಿ, ಗುಂಪುಗಳು ಬರೋ ಮುಂಚೆ. ಒಳಗೆ ಹೋಗೋ ಮೊದಲು ಮುಂದಿನ ಮೊಗಸಾಲೆಯಲ್ಲಿ ನಿಂತು ಮೇಲೆ ನೋಡಿ, ಐದು ಚಿಕ್ಕ ಗುಮ್ಮಟ ಸಾಲಾಗಿವೆ. ಬಾಗಿಲ ಮೇಲಿನ ಶಾಸನದಲ್ಲಿ ಕಟ್ಟಿದ ವರ್ಷ ಇದೆ, ಹಿಜರಿ 937.

ಅಂಗಳದಲ್ಲಿ ಎರಡು ಸಮಾಧಿಮಂಟಪ. ದೊಡ್ಡದು ಹುಸ್ರೆವ್ ಬೇಗನದು. ಪಕ್ಕದ ಚಿಕ್ಕದು ಮುರಾದ್ ಬೇಗ್ ತಾರ್ದಿಚ್‌ನದು, ಅವನು ಬೇಗನ ನಂಬಿಕೆಯ ಬಂಟ, ಹುಟ್ಟಿದ್ದು ಕ್ರೊಯೇಷಿಯಾದ ಕರಾವಳಿಯಲ್ಲಿ. ಸುತ್ತ ಇರೋ ಗೋರಿಗಳಲ್ಲಿ ಕವಿ ಸಾಫ್ವೆತ್ ಬೇಗ್ ಬಾಷಗಿಚ್ ಅವರದ್ದೂ ಒಂದು. ಅಮ್ಮನನ್ನು ಷಾದ್ರ್ವಾನ್ ಹತ್ತಿರ ನೆರಳಲ್ಲಿ ಕೂರಿಸಿ ನೀವು ಅಡ್ಡಾಡಬಹುದು.

ಆಮೇಲೆ ಸರಾಚಿ ಬೀದಿ ದಾಟಿದರೆ ಎದುರಿಗೇ ಕುರ್ಶುಮ್ಲಿಯಾ ಮದ್ರಸಾ, 1537ರದ್ದು. ತಾಯಿಯ ನೆನಪಿಗೆ ಕಟ್ಟಿಸಿದ್ದು. ಮಾಡಿಗೆಲ್ಲ ಸೀಸದ ತಗಡು ಹೊದಿಸಿರೋದರಿಂದ ಜನ ಆ ಹೆಸರಿಟ್ಟರು. ಈಗ ಒಳಗೆ ಮ್ಯೂಸಿಯಂ ಇದೆ. ನನಗೆ ಮಸೀದಿಯಷ್ಟೇ ಇಷ್ಟವಾದ ಜಾಗ. ಈ ಮದ್ರಸಾದ ದಾನಪತ್ರದಲ್ಲಿ ಒಂದು ಮಾತಿದೆ. ಕಟ್ಟಡದ ಖರ್ಚು ಕಳೆದು ಉಳಿದ ಹಣದಲ್ಲಿ ಒಳ್ಳೆಯ ಪುಸ್ತಕಗಳನ್ನು ಕೊಳ್ಳಬೇಕು, ಓದುವವರು ಓದಲಿ, ಪ್ರತಿ ಮಾಡಿಕೊಳ್ಳುವವರು ಪ್ರತಿ ಮಾಡಿಕೊಳ್ಳಲಿ ಅನ್ನುವ ಅರ್ಥದ್ದು. ಆ ಉಳಿಕೆ ಹಣದಿಂದ ಹುಟ್ಟಿದ ಗ್ರಂಥಾಲಯ ಇವತ್ತಿಗೂ ಇದೆ, ಪಕ್ಕದಲ್ಲೇ. ಕತಾರ್ ನೆರವಿನ ಹೊಸ ಕಟ್ಟಡ 2014ರಲ್ಲಿ ತೆರೆಯಿತು.

ಪುಸ್ತಕದ ಗೂಡು
ಯುದ್ಧದಲ್ಲಿ ಸರಾಯೆವೊದ ಗ್ರಂಥಾಲಯ ಸುಟ್ಟುಹೋಯ್ತು ಅಂತ ಓದಿದ ನೆನಪು. ಅದು ಇದೇನಾ? ನಾನು ಧಾರವಾಡದಲ್ಲಿ ಗ್ರಂಥಪಾಲಕನಾಗಿ ನಿವೃತ್ತನಾದವನು, ಅದಕ್ಕೆ ಕೇಳ್ತಿದ್ದೀನಿ.

ಡ್ಯಾನ್ಯೂಬ್ ದಂಡೆ
ಅಲ್ಲ ಸರ್. ನೀವು ಓದಿದ್ದು ವಿಯೆಚ್ನಿಟ್ಸಾ, ಹೊಳೆ ದಂಡೆಯ ಹಳೇ ಪುರಭವನ. ಅಲ್ಲಿದ್ದ ರಾಷ್ಟ್ರೀಯ ಗ್ರಂಥಾಲಯಕ್ಕೆ 1992ರ ಆಗಸ್ಟ್ 25ರ ರಾತ್ರಿ ಬೆಂಕಿ ಬಿತ್ತು. ಅದಕ್ಕೂ ಮುಂಚೆ ಮೇ ತಿಂಗಳಲ್ಲಿ ಓರಿಯೆಂಟಲ್ ಇನ್‌ಸ್ಟಿಟ್ಯೂಟ್ ಸುಟ್ಟು ಸಾವಿರಾರು ಹಸ್ತಪ್ರತಿಗಳು ಬೂದಿಯಾದವು.

ಹುಸ್ರೆವ್ ಬೇಗ್ ಗ್ರಂಥಾಲಯದ ಹಸ್ತಪ್ರತಿಗಳು ಉಳಿದವು, ಉಳಿಸಿದ್ದು ಅಲ್ಲಿನ ಸಿಬ್ಬಂದಿ. ಆಗ ನಿರ್ದೇಶಕರಾಗಿದ್ದವರು ಮುಸ್ತಾಫಾ ಯಾಹಿಚ್. ಅವರು, ರಾತ್ರಿ ಕಾವಲುಗಾರ, ಗುಡಿಸುವ ಕೆಲಸದವರು, ಹೀಗೆ ಕೆಲವೇ ಜನ ಸೇರಿ ಬಾಳೆಹಣ್ಣು ಬರುವ ರಟ್ಟಿನ ಪೆಟ್ಟಿಗೆಗಳಲ್ಲಿ ಹಸ್ತಪ್ರತಿಗಳನ್ನು ತುಂಬಿಸಿ, ಗುಡ್ಡದ ಮೇಲಿಂದ ಬಂದೂಕಿನವರು ಹೊಂಚು ಹಾಕಿದ್ದ ಬೀದಿಗಳಲ್ಲಿ ಹೊತ್ತು ದಾಟಿಸಿದರು. ಒಂದು ಕಡೆ ಅಪಾಯ ಅನ್ನಿಸಿದರೆ ಇನ್ನೊಂದು ಕಡೆಗೆ. ಊರಲ್ಲಿ ಕರೆಂಟಿಲ್ಲ, ನೀರಿಲ್ಲ, ತಿನ್ನೋಕೆ ಇಲ್ಲ. ಇಂಥ ಹೊತ್ತಲ್ಲಿ ಪುಸ್ತಕ ಹೊತ್ತು ಓಡಿದರು. ಹತ್ತು ಸಾವಿರಕ್ಕೂ ಹೆಚ್ಚು ಹಸ್ತಪ್ರತಿಗಳು ಇವತ್ತು ಆ ಹೊಸ ಕಟ್ಟಡದಲ್ಲಿವೆ. ಅರಬ್ಬಿ, ಫಾರಸಿ, ತುರ್ಕಿ, ಜೊತೆಗೆ ಅರಬ್ಬಿ ಲಿಪಿಯಲ್ಲಿ ಬರೆದ ಬೋಸ್ನಿಯನ್ ಭಾಷೆಯವೂ ಇವೆ.

ಪುಸ್ತಕದ ಗೂಡು
ಓದಿ ಕಣ್ಣು ತುಂಬಿತು. ಮಳೆಗಾಲದಲ್ಲಿ ಮಾಡು ಸೋರಿದಾಗ ನಾಲ್ಕು ಕಪಾಟು ಸರಿಸೋದಕ್ಕೇ ನಾವು ಎಷ್ಟು ಒದ್ದಾಡಿದ್ದೀವಿ. ಆ ಕಾವಲುಗಾರರಿಗೆ ನನ್ನ ನಮಸ್ಕಾರ.

ಗಗನಮಹಲ್
ಮೇಡಂ, ಅಲ್ಲಿ ಒಂದು ಗಡಿಯಾರದ ಗೋಪುರ ಅದ, ಟೈಮ್ ತಪ್ಪು ತೋರಸ್ತದ ಅಂತ ನಮ್ಮ ಗೆಳ್ಯಾ ಅಂತಿದ್ದ. ಖರೇನ?

ಡ್ಯಾನ್ಯೂಬ್ ದಂಡೆ
ತಪ್ಪು ತೋರಿಸಲ್ಲ, ಬೇರೆ ಲೆಕ್ಕ ತೋರಿಸುತ್ತೆ. ಮಸೀದಿಯ ಪಕ್ಕದ ಸಹತ್ ಕುಲಾ ಅದು. ಅದರಲ್ಲಿ ಸೂರ್ಯ ಮುಳುಗಿದ ಗಳಿಗೆಗೆ ಹನ್ನೆರಡು ಗಂಟೆ. ಹೊಸ ದಿನ ಅಲ್ಲಿಂದ ಶುರು. ನಮ್ಮ ಪಂಚಾಂಗದವರು ಸೂರ್ಯೋದಯದಿಂದ ಗಳಿಗೆ ಎಣಿಸುವ ಹಾಗೆ ಇವರು ಸೂರ್ಯಾಸ್ತದಿಂದ ಎಣಿಸುತ್ತಾರೆ. ಡಿಸೆಂಬರಿನಲ್ಲಿ ಸಂಜೆ ನಾಲ್ಕು ದಾಟುತ್ತಿದ್ದಂತೆ ಕತ್ತಲು, ಜೂನಿನಲ್ಲಿ ಎಂಟೂವರೆಗೆ. ದಿನಾ ಒಂದೆರಡು ನಿಮಿಷ ಜರಗುವುದರಿಂದ ಗಡಿಯಾರವನ್ನು ಆಗಾಗ ತಿದ್ದುತ್ತಲೇ ಇರಬೇಕು. ಅದಕ್ಕೇ ಒಬ್ಬ ಕಾಲಗಣಕ ಇರುತ್ತಾನೆ, ಅವನನ್ನು ಮುವೆಕಿತ್ ಅಂತಾರೆ. ಮಸೀದಿ ಅಂಗಳದಲ್ಲಿ ಅವನ ಕೆಲಸಕ್ಕೆಂದೇ 1859ರಲ್ಲಿ ಕಟ್ಟಿದ ಚಿಕ್ಕ ಮನೆಯೂ ಇದೆ. ಈಗಿರುವ ಯಂತ್ರ 1870ರ ದಶಕದಲ್ಲಿ ಲಂಡನ್ನಿನಿಂದ ತರಿಸಿದ್ದು.

ಇನ್ನೊಂದು ಸಂಗತಿ, 1898ರಲ್ಲೇ ಈ ಮಸೀದಿಗೆ ಕರೆಂಟು ದೀಪ ಬಂತು. ಜಗತ್ತಿನಲ್ಲೇ ಮೊದಲು ವಿದ್ಯುತ್ ದೀಪ ಕಂಡ ಮಸೀದಿ ನಮ್ಮದು ಅಂತ ಊರಿನವರು ಹೆಮ್ಮೆಯಿಂದ ಹೇಳ್ತಾರೆ.

ತುಂಗಾತೀರ
ಅಮ್ಮನಿಗೆ ಗಡಿಯಾರದ ವಿಷಯ ಓದಿ ಹೇಳಿದೆ, ಸಂಜೆವರೆಗೂ ಅಲ್ಲೇ ಇರೋಣ ಅಂತಾರೆ. ಊಟ ಮತ್ತು ವೀಸಾ ಬಗ್ಗೆಯೂ ಯಾರಾದ್ರೂ ಹೇಳಿ.

ಬಾಸ್ಫರಸ್ ಪ್ರವಾಸಿ
ವೀಸಾ ನಾನು ಹೇಳ್ತೀನಿ. ಯೂರೋಪಿನ ಹಲವು ದೇಶಗಳಿಗೆ ಒಂದೇ ವೀಸಾ ಸಾಕಾಗುವ ಷೆಂಗೆನ್ ವಲಯದ ಒಳಗೆ ಬೋಸ್ನಿಯಾ ಇಲ್ಲ. ಒಂದಕ್ಕಿಂತ ಹೆಚ್ಚು ಸಲ ಪ್ರವೇಶಿಸಬಹುದಾದ ಷೆಂಗೆನ್ ವೀಸಾ ಇದ್ದರೆ ನಮ್ಮ ಪಾಸ್‌ಪೋರ್ಟಿನವರನ್ನು ಪ್ರತ್ಯೇಕ ವೀಸಾ ಇಲ್ಲದೆ ಬಿಟ್ಟಿದ್ದರು. ಒಂದೇ ಪ್ರವೇಶದ ವೀಸಾ ತಗೊಂಡರೆ ಬೋಸ್ನಿಯಾದಿಂದ ಮತ್ತೆ ಮ್ಯೂನಿಕ್‌ಗೆ ಬರೋಕೆ ಆಗಲ್ಲ. ಅರ್ಜಿ ಹಾಕುವಾಗಲೇ ಇದನ್ನ ನೋಡಿಕೊಳ್ಳಿ. ನಿಯಮ ಬದಲಾಗುತ್ತಾ ಇರುತ್ತೆ, ಹೊರಡೋ ಮುಂಚೆ ಅವರ ರಾಯಭಾರ ಕಚೇರಿಯ ಪುಟ ನೋಡಿ. ಅಲ್ಲಿನ ದುಡ್ಡು ಮಾರ್ಕ್, ಒಂದು ಯೂರೋಗೆ 1.95583 ಅಂತ ಕಟ್ಟಿಹಾಕಿದ್ದಾರೆ. ಹಳೇ ಪೇಟೆಯಲ್ಲಿ ಚಿಕ್ಕ ಅಂಗಡಿಯವರಿಗೆ ನಗದೇ ಬೇಕು.

ಭಟ್ಕಳ ಬಂದರು
ಊಟ ನಾನು ಹೇಳ್ತೇನೆ. ಪೇಟೆ ತುಂಬ ಚೆವಾಪಿ ಅಂದರೆ ಮಾಂಸದ ಖಾದ್ಯ. ಹೆದರಬೇಡಿ. ತೆಳ್ಳಗಿನ ಹಿಟ್ಟಿನ ಹಾಳೆಯೊಳಗೆ ಹೂರಣ ಇಟ್ಟು ಸುರುಳಿ ಸುತ್ತಿ ಬೇಯಿಸುವ ಪಿತಾ ಅಂತ ಇದೆ. ಬುರೆಕ್ ಅಂದರೆ ಅಲ್ಲಿ ಮಾಂಸದ್ದು ಮಾತ್ರ, ಅದನ್ನು ಕೇಳಬೇಡಿ. ಕ್ರೊಂಪಿರುಷಾ ಆಲೂಗಡ್ಡೆಯದು. ಜೆಲ್ಯಾನಿಟ್ಸಾ ಸೊಪ್ಪಿನದು, ಸಿರ್ನಿಟ್ಸಾ ಗಿಣ್ಣಿನದು, ಇವೆರಡಕ್ಕೆ ಕೆಲವರು ಮೊಟ್ಟೆ ಹಾಕ್ತಾರೆ, ಕೇಳಿಯೇ ತಗೊಳ್ಳಿ. ಅಮ್ಮನಿಗೆ ಆಲೂಗಡ್ಡೆಯದೇ ಒಳ್ಳೆಯದು, ಯಾವ ಜಿಡ್ಡು ಬಳಸ್ತಾರೆ ಅಂತಲೂ ವಿಚಾರಿಸಿ. ಬೆಗೊವಾ ಚೊರ್ಬಾ ಅನ್ನೋ ಸಾರು ನೋಡಲು ತರಕಾರಿ ಸಾರಿನ ಹಾಗೇ ಇರ್ತದೆ, ಅದರಲ್ಲಿ ಕೋಳಿ ಇದೆ. ಕಾಫಿ ಚಿಕ್ಕ ತಾಮ್ರದ ಪಾತ್ರೆಯಲ್ಲಿ ತಂದಿಡ್ತಾರೆ, ಗಸಿ ಕೆಳಗೆ ಇಳಿಯಲಿಕ್ಕೆ ಬಿಟ್ಟು ನಿಧಾನ ಕುಡಿಯಬೇಕು.

ಡ್ಯಾನ್ಯೂಬ್ ದಂಡೆ
ಊಟ ಆದಮೇಲೆ ಬೆಜಿಸ್ತಾನ್ ಒಳಗೆ ಒಂದು ಸುತ್ತು ಹಾಕಿ. ಈಗ ಅಲ್ಲಿ ಚೀಲ, ಕನ್ನಡಕ ಮಾರ್ತಾರೆ, ಆದರೂ ಕಮಾನಿನ ಮಾಡಿನ ಕೆಳಗೆ ಕಲ್ಲಿನ ತಂಪು ಹಾಗೇ ಇದೆ. ಅದರ ಪಕ್ಕ ತಾಷ್ಲಿಹಾನ್‌ನ ಅಳಿದುಳಿದ ಗೋಡೆ ಕಾಣುತ್ತೆ. ಹಮಾಮು ಇನ್ನೂ ಸ್ವಲ್ಪ ಮುಂದೆ, ಅದು ಈಗ ಬೋಸ್ನ್ಯಾಕ್ ಇನ್‌ಸ್ಟಿಟ್ಯೂಟ್. ಅಮ್ಮನಿಗೆ ಸುಸ್ತಾದರೆ ಅದನ್ನು ಬಿಡಬಹುದು. ಅಲ್ಲೇ ಆಸುಪಾಸಿನಲ್ಲಿ 1581ರ ಹಳೇ ಯಹೂದಿ ಮಂದಿರ, ಹಳೇ ಆರ್ಥೊಡಾಕ್ಸ್ ಚರ್ಚು, 1889ರ ಕ್ಯಾಥೊಲಿಕ್ ಕೆಥೆಡ್ರಲ್ ಎಲ್ಲ ಇವೆ. ಎಲ್ಲವನ್ನೂ ಅದೇ ದಿನ ನೋಡೋಕೆ ಹೋಗಬೇಡಿ, ಹಳೇ ಯಹೂದಿ ಮಂದಿರ ಒಂದನ್ನಾದರೂ ಆರಿಸಿಕೊಳ್ಳಿ.

ಒಂದು ವಿಷಯ ಗಮನದಲ್ಲಿರಲಿ. 1945ರ ನಂತರ ಯುಗೊಸ್ಲಾವಿಯದ ಸರ್ಕಾರ ವಕ್ಫಿನ ಅಂಗಡಿ, ಜಮೀನುಗಳನ್ನು ರಾಷ್ಟ್ರೀಕರಣ ಮಾಡಿತು. ಮದ್ರಸಾ, ಗ್ರಂಥಾಲಯ, ಮಸೀದಿ ನಿಂತವು, ಅವಕ್ಕೆ ಅನ್ನ ಹಾಕುತ್ತಿದ್ದ ವರಮಾನ ಹೋಯಿತು. ನಾವು ಕೊಡುವ ಟಿಕೆಟ್ಟಿನ ಹಣವನ್ನು ನಾನು ಆ ಲೆಕ್ಕಕ್ಕೇ ಸೇರಿಸಿಕೊಳ್ತೀನಿ, ಅದಕ್ಕೇ ಚೌಕಾಸಿ ಮಾಡಬೇಡಿ ಅಂತ ಎಲ್ಲರಿಗೂ ಹೇಳ್ತೀನಿ.

ಏಪ್ರಿಲ್ ಕೊನೆಗೆ ಅಲ್ಲಿ ಸೂರ್ಯ ಮುಳುಗೋದು ಏಳೂಮುಕ್ಕಾಲರ ಸುಮಾರಿಗೆ. ಸ್ವಲ್ಪ ಮುಂಚೆ ಸರಾಚಿ ಬೀದಿಗೆ ಬಂದು ಗಡಿಯಾರ ಕಾಣುವ ಕಡೆ ಜಾಗ ಹಿಡಿದುಕೊಳ್ಳಿ. ಮಗ್ರಿಬ್ ಆಜಾನ್ ಆಗುವಾಗ ಮುಳ್ಳು ಎಲ್ಲಿದೆ ನೋಡಿ, ನಿಮಗೇ ತಿಳಿಯುತ್ತೆ. ಆಗ ಮಸೀದಿ ಒಳಗೆ ಬಿಡೋದಿಲ್ಲ, ಬೀದಿಯಿಂದಲೇ ನೋಡಿ.

ತುಂಗಾತೀರ
ಎಲ್ಲ ಬರೆದಿಟ್ಟುಕೊಂಡೆ. ಬೀದಿಯ ಕಲ್ಲುಹಾಸು ಹೇಗಿದೆ? ಅಮ್ಮನಿಗೆ ಮೊಣಕಾಲು ನೋವು.

ಭಟ್ಕಳ ಬಂದರು
ಹಳೇ ಪೇಟೆಯ ಕಲ್ಲು ಸವೆದು ನುಣುಪಾಗಿದೆ ಅಣ್ಣ, ಮಳೆ ಬಂದರೆ ಜಾರ್ತದೆ, ಏಪ್ರಿಲ್‌ನಲ್ಲಿ ಮಳೆ ಸಾಮಾನ್ಯ. ಅಮ್ಮನಿಗೆ ರಬ್ಬರ್ ಅಡಿಯ ಶೂ ಹಾಕಿಸಿ, ಲೇಸ್ ಇರುವುದು ಬೇಡ, ಮಸೀದಿ ಬಾಗಿಲಲ್ಲಿ ಬಗ್ಗಿ ಬಿಚ್ಚುವುದು ಕಷ್ಟ ಆಗ್ತದೆ. ದಪ್ಪ ಕಾಲುಚೀಲವೂ ಇರಲಿ.